ಬೈಕಿಗೆ ಕಡಿಮೆ ಬೆಲೆಯ ರೇಡಿಯೊ ಕಿಟ್: ವ್ಯಾಟ್ ಬಿಡಿ, ಬ್ಯಾಟರಿ ಮತ್ತು ವೈರ್ ನೋಡಿ

ಬೈಕಿಗೆ ರೇಡಿಯೊ ಹಾಕಿಸಬೇಕು ಅಂತ ಹುಡುಕಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ವ್ಯಾಟ್. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 200 ವ್ಯಾಟ್, 500 ವ್ಯಾಟ್ ಅಂತ ಇರುತ್ತದೆ. ಜೊತೆಗೆ ಬಣ್ಣದ ಎಲ್‌ಇಡಿ, ರಿಮೋಟ್, ಅಲಾರಂ, ಬ್ಲೂಟೂತ್. ಇಷ್ಟೆಲ್ಲ ಇದ್ದೂ ಬೆಲೆ ಇಷ್ಟೇನಾ ಅನಿಸುತ್ತದೆ. ಆದರೆ ಆ ಕಿಟ್ ನಿಮ್ಮ ಬೈಕಿಗೆ ಹೊಂದುತ್ತದೋ ಇಲ್ಲವೋ ಅಂತ ತಿಳಿಸುವ ಮಾಹಿತಿ ಸಾಮಾನ್ಯವಾಗಿ ಡಬ್ಬಿಯ ಮೇಲೆ ಇರುವುದಿಲ್ಲ. ಎಷ್ಟು ಆಂಪಿಯರ್ ಎಳೆಯುತ್ತದೆ? ಕೀ ತೆಗೆದ ಮೇಲೂ ಕರೆಂಟ್ ತಿನ್ನುತ್ತದಾ? ವೈರ್ ಎಷ್ಟು ದಪ್ಪ? ಫ್ಯೂಸ್ ಎಲ್ಲಿದೆ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಗ್ಗದ ಕಿಟ್ ಅಂದರೆ ಕೆಟ್ಟ ಕಿಟ್ ಅಂತಲ್ಲ. ಹಾಡುವ ಭಾಗ, ಅಂದರೆ ಎಫ್‌ಎಂ ಚಿಪ್, ಬ್ಲೂಟೂತ್ ಚಿಪ್, ಸಣ್ಣ ಆಂಪ್ಲಿಫೈಯರ್, ಇವೆಲ್ಲ ಈಗ ನಿಜಕ್ಕೂ ಅಗ್ಗವಾಗಿವೆ ಮತ್ತು ಸಾಕಷ್ಟು ಚೆನ್ನಾಗಿಯೂ ಇವೆ. ತೊಂದರೆ ಬರುವುದು ಬಹುಪಾಲು ಆ ಡಬ್ಬಿಯನ್ನು ಬ್ಯಾಟರಿಗೆ ಸೇರಿಸುವ ಎರಡು ಮೀಟರ್ ವೈರಿನಲ್ಲಿ. ಕಡಿಮೆ ಬಜೆಟ್ ಇದ್ದವರು ಉಳಿತಾಯವನ್ನು ಡಬ್ಬಿಯಲ್ಲಿ ಮಾಡಬೇಕು, ವೈರಿಂಗಿನಲ್ಲಿ ಮಾಡಬಾರದು. ಸಾವಿರ ರೂಪಾಯಿ ಖರ್ಚು ಮಾಡುವವರಾದರೆ ಅದರಲ್ಲಿ ಮುನ್ನೂರನ್ನಾದರೂ ವೈರ್, ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್), ಸ್ಲೀವ್‌ಗಳಿಗೆ ಎತ್ತಿಡಿ ಅನ್ನುತ್ತೇನೆ.

ಅಮೆರಿಕದಲ್ಲಿ ಕಿಟ್ ಅನ್ನುವ ಮಾತಿಗೆ ಬೇರೆಯೇ ಹಿನ್ನೆಲೆ ಇದೆ. ಅಲ್ಲಿ ರೇಡಿಯೊ ಇನ್‌ಸ್ಟಲೇಷನ್ ಕಿಟ್ ಅಂದರೆ ಹೆಚ್ಚಾಗಿ ಹಾರ್ಲೆ ಡೇವಿಡ್‌ಸನ್ನಿನ ದೊಡ್ಡ ಟೂರಿಂಗ್ ಬೈಕುಗಳ ಮಾತು. 1998ರಿಂದ 2013ರವರೆಗಿನ ಆ ಬೈಕುಗಳ ಮುಂಭಾಗದ ಫೇರಿಂಗಿನಲ್ಲಿ (ಗಾಳಿ ತಡೆಯುವ ಹೊದಿಕೆಯಲ್ಲಿ) ಕಂಪನಿಯ ರೇಡಿಯೊ ಬಿಚ್ಚಿ ಬೇರೆ ಸ್ಟೀರಿಯೊ ಕೂರಿಸಲು ಒಂದು ಫ್ರೇಮ್, ಕಂಪನಿಯ ಕಪ್ಲರಿಗೆ (ವೈರುಗಳನ್ನು ಸೇರಿಸುವ ಪ್ಲಗ್‌ಗೆ) ಹೊಂದುವ ವೈರಿಂಗ್, ಹ್ಯಾಂಡಲ್ ಬಟನ್‌ಗಳನ್ನು ಹೊಸ ರೇಡಿಯೊಗೆ ಅರ್ಥ ಮಾಡಿಸುವ ಒಂದು ಪುಟ್ಟ ಪೆಟ್ಟಿಗೆ ಸಿಗುತ್ತವೆ. ಇದೇ ಅಲ್ಲಿನ ಕಿಟ್. ನಮ್ಮಲ್ಲಿ ಓಡುವ ಸ್ಪ್ಲೆಂಡರ್, ಪಲ್ಸರ್, ಬುಲೆಟ್‌ಗಳಲ್ಲಿ ರೇಡಿಯೊಗೆ ಜಾಗವೇ ಇಲ್ಲ. ಹಾಗಾಗಿ ನಮ್ಮ ಕಿಟ್ ಬೇರೆ ಥರದ್ದು: ಹ್ಯಾಂಡಲ್ ಬಾರಿಗೆ ಕ್ಲಾಂಪ್ ಹಾಕಿ ಕೂರಿಸುವ ಒಂದು ಜೋಡಿ ಸ್ಪೀಕರ್, ಸೀಟಿನ ಕೆಳಗೋ ಹ್ಯಾಂಡಲ್ ಮೇಲೋ ಇಡುವ ಸಣ್ಣ ಆಂಪ್ಲಿಫೈಯರ್, ಅದರಲ್ಲೇ ಎಫ್‌ಎಂ, ಯುಎಸ್‌ಬಿ, ಬ್ಲೂಟೂತ್. ಬೆಂಗಳೂರಿನ ಜೆ.ಸಿ. ರಸ್ತೆಯ ಆಟೊಮೊಬೈಲ್ ಅಂಗಡಿಗಳಲ್ಲಿ ಇಡೀ ಸೆಟ್ ಕೇಳಬಹುದು. ಬಿಡಿ ಬೋರ್ಡು, ಸ್ಪೀಕರು, ರಿಲೇ ಬೇಕಿದ್ದರೆ ಎಸ್.ಪಿ. ರಸ್ತೆಗೆ ಹೋಗಬೇಕು.

ಮೊದಲು ನಿಮ್ಮ ಬೈಕಿನ ಲೆಕ್ಕ

ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ತುಂಬಿಡಬಹುದು ಅನ್ನುವುದರ ಅಳತೆ ಆಂಪಿಯರ್ ಅವರ್. ಕಾರಿನ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್ ಅವರ್ ಅಥವಾ ಅದಕ್ಕಿಂತ ದೊಡ್ಡದು. ಸ್ಪ್ಲೆಂಡರ್ ಪ್ಲಸ್‌ನ ಬ್ಯಾಟರಿ ಬರೀ 3 ಆಂಪಿಯರ್ ಅವರ್. ಹಳೆಯ ಸೆಲ್ಫ್ ಸ್ಟಾರ್ಟ್ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ 14 ಇತ್ತು, 2021ರಲ್ಲಿ ಬಂದ ಹೊಸ ಕ್ಲಾಸಿಕ್‌ನಲ್ಲಿ ಅದು 8ಕ್ಕೆ ಇಳಿದಿದೆ. ಕಾರಿನಲ್ಲಿ ಕೆಲಸ ಮಾಡುವ ಸ್ಟೀರಿಯೊವನ್ನು ತಂದು ಬೈಕಿಗೆ ಜೋಡಿಸುವವರು ಮರೆಯುವುದು ಇದನ್ನೇ.

ಎಂಜಿನ್ ಓಡುವಾಗ ಕರೆಂಟ್ ಹುಟ್ಟುವುದು ಮ್ಯಾಗ್ನೆಟ್ ಕಾಯಿಲ್‌ನಲ್ಲಿ. ಅದು ಹುಟ್ಟಿಸುವುದು ಎಸಿ. ಆರ್‌ಆರ್ ಯೂನಿಟ್ (ರೆಗ್ಯುಲೇಟರ್ ರೆಕ್ಟಿಫೈಯರ್) ಅದನ್ನು ಡಿಸಿ ಮಾಡಿ, 14 ವೋಲ್ಟಿನ ಆಸುಪಾಸಿನಲ್ಲಿ ಹಿಡಿದಿಟ್ಟು ಬ್ಯಾಟರಿಗೆ ಕೊಡುತ್ತದೆ. ಕಾಯಿಲ್ ಎಷ್ಟು ಕೊಡಬಲ್ಲದು ಅನ್ನೋದಕ್ಕೆ ಮಿತಿ ಇದೆ. ಎಂಜಿನ್ ನಿಧಾನ ತಿರುಗಿದಾಗ ಆ ಮಿತಿ ಇನ್ನೂ ಕಡಿಮೆ. ಸಿಗ್ನಲ್‌ನಲ್ಲಿ ನಿಂತಾಗ ಹುಟ್ಟುವುದು ಕಡಿಮೆ, ಆದರೆ ಖರ್ಚು ಅಷ್ಟೇ ಇರುತ್ತದೆ, ಬ್ರೇಕ್ ಒತ್ತಿ ಹಿಡಿದಿದ್ದರೆ ಇನ್ನೂ ಜಾಸ್ತಿ. 2017ರ ಏಪ್ರಿಲ್ 1ರಿಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ಸದಾ ಉರಿಯಲೇಬೇಕು. ಹಾಗಾಗಿ ಹಗಲಲ್ಲಿ ಲೈಟ್ ಆಫ್ ಮಾಡಿ ಹಾಡು ಕೇಳುತ್ತೇನೆ ಅನ್ನುವ ಉಪಾಯ ಈ ಬೈಕುಗಳಲ್ಲಿ ನಡೆಯುವುದಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. 35 ವ್ಯಾಟ್ ಹೆಡ್‌ಲೈಟ್, 5 ವ್ಯಾಟ್ ಹಿಂದಿನ ದೀಪ. ಒಟ್ಟು 40 ವ್ಯಾಟ್. 13 ವೋಲ್ಟಿನಲ್ಲಿ ಇದು 3 ಆಂಪಿಯರ್‌ಗೆ ಸ್ವಲ್ಪ ಮೇಲೆ. ಬ್ರೇಕ್ ಲೈಟ್ 21 ವ್ಯಾಟ್, ಅಂದರೆ ಸುಮಾರು 1.6 ಆಂಪಿಯರ್. ಸರಾಸರಿ 20 ವ್ಯಾಟ್ ಎಳೆಯುವ ರೇಡಿಯೊ ಹಾಕಿದರೆ, ವಿದ್ಯುತ್ತಿನ ಲೆಕ್ಕದಲ್ಲಿ ಅದು ದಾರಿಯುದ್ದಕ್ಕೂ ಬ್ರೇಕ್ ಲೈಟ್ ಹತ್ತಿಸಿಕೊಂಡು ಓಡಿಸಿದ ಹಾಗೆ. ಇಷ್ಟನ್ನು ಬಹುತೇಕ ಬೈಕುಗಳು ತಾಳಿಕೊಳ್ಳುತ್ತವೆ. 60 ವ್ಯಾಟ್ ಎಳೆಯುವಂಥದ್ದನ್ನು ಹಾಕಿದರೆ ಇನ್ನೊಂದೂವರೆ ಹೆಡ್‌ಲೈಟ್ ಸೇರಿಸಿದಂತೆ. ಅದನ್ನು ಸಣ್ಣ ಬೈಕಿನ ಕಾಯಿಲ್ ತಾಳುತ್ತದೆ ಅಂತ ಯಾವ ಅಂಗಡಿಯವರು ಹೇಳಿದರೂ ನಂಬಬೇಡಿ, ಅಳೆದು ನೋಡಿ.

ಅಳೆಯುವುದು ಕಷ್ಟವೇನಲ್ಲ. ಒಂದು ಸಾದಾ ಮಲ್ಟಿಮೀಟರ್ ಸಾಕು. ಅದನ್ನು ಡಿಸಿ ವೋಲ್ಟ್‌ಗೆ ಇಟ್ಟು ಬ್ಯಾಟರಿಯ ಎರಡು ತುದಿಗೆ ಹಿಡಿಯಿರಿ. ರಾತ್ರಿಯಿಡೀ ನಿಂತ ಬೈಕಿನಲ್ಲಿ, ಕೀ ಹಾಕುವ ಮೊದಲು, 12.6 ಅಥವಾ ಮೇಲೆ ಇದ್ದರೆ ಬ್ಯಾಟರಿ ತುಂಬಿದೆ. 12.2ರ ಹತ್ತಿರ ಇದ್ದರೆ ಅರ್ಧ ಖಾಲಿ. ಈಗ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಹತ್ತಿಸಿ, ಬ್ರೇಕ್ ಒತ್ತಿ ಹಿಡಿದು, ಸ್ವಲ್ಪ ಆಕ್ಸಿಲರೇಟರ್ ಕೊಡಿ. 13.8ರಿಂದ 14.5ರ ನಡುವೆ ಬಂದರೆ ಚಾರ್ಜಿಂಗ್ ಸರಿಯಾಗಿದೆ. 15 ದಾಟಿದರೆ ಆರ್‌ಆರ್ ಯೂನಿಟ್ ಕೆಟ್ಟಿದೆ. ಅದನ್ನು ಸರಿ ಮಾಡಿಸದೆ ಯಾವ ರೇಡಿಯೊವನ್ನೂ ಸೇರಿಸಬೇಡಿ, ಮೊದಲ ದಿನವೇ ಸುಡಬಹುದು. ಬ್ರೇಕ್ ಒತ್ತಿ ಹಿಡಿದು ಐಡ್ಲಿಂಗ್‌ನಲ್ಲಿ ಬಿಟ್ಟಾಗ ಅಂಕಿ 12.8ಕ್ಕಿಂತ ಕೆಳಗೆ ಇಳಿಯುತ್ತಾ ಹೋದರೆ, ನಿಮ್ಮ ಬೈಕಿನಲ್ಲಿ ಮಿಕ್ಕಿದ ಕರೆಂಟ್ ಹೆಚ್ಚೇನೂ ಇಲ್ಲ ಅಂತ ಅರ್ಥ. ಆಗ ತೀರಾ ಸಣ್ಣ ಕಿಟ್ ಮಾತ್ರ ನೋಡಬೇಕು. ಇಲ್ಲವೇ ಬೈಕಿಗೆ ಕೈಹಾಕದೆ, ತನ್ನದೇ ಬ್ಯಾಟರಿ ಇರುವ ಬ್ಲೂಟೂತ್ ಸ್ಪೀಕರ್ ಒಂದನ್ನು ಹ್ಯಾಂಡಲ್‌ಗೆ ಭದ್ರವಾಗಿ ಕಟ್ಟಿಕೊಳ್ಳುವುದೇ ಜಾಣತನ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಹಳೆಯ ಜಾವಾ, ಯೆಜ್ಡಿಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಆ ಬೈಕುಗಳು ಸಾಮಾನ್ಯವಾಗಿ 6 ವೋಲ್ಟಿನವು. 12 ವೋಲ್ಟಿನ ಕಿಟ್ ಅಲ್ಲಿ ಕೆಲಸ ಮಾಡುವುದಿಲ್ಲ. ಅಂಥ ಬೈಕಿಗೂ ಪ್ರತ್ಯೇಕ ಬ್ಯಾಟರಿಯ ಸ್ಪೀಕರ್ ಒಳ್ಳೆಯದು. ಅದರ ಮೂಲ ವೈರಿಂಗನ್ನು ಯಾಕೆ ಸುಮ್ನೆ ಕತ್ತರಿಸಬೇಕು, ಅಲ್ವಾ?

500 ವ್ಯಾಟ್ ಅನ್ನೋದು ಎಲ್ಲಿಂದ ಬಂತು

ಈಗ ಡಬ್ಬಿಯ ಮೇಲಿನ ಅಂಕಿಗೆ ಬರೋಣ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಒಮ್ಮೆ ಅರ್ಥವಾದರೆ ಆಮೇಲೆ ಯಾವ ಜಾಹೀರಾತೂ ನಿಮ್ಮನ್ನು ಏಮಾರಿಸಲಾರದು.

ಬೈಕಿನಲ್ಲಿ ಸಿಗುವುದು ಹೆಚ್ಚುಕಡಿಮೆ 14.4 ವೋಲ್ಟ್. ಸ್ಪೀಕರಿನ ತಡೆ ಸಾಮಾನ್ಯವಾಗಿ 4 ಓಮ್. ವೋಲ್ಟೇಜನ್ನು ಏರಿಸುವ ಬೇರೆ ಸರ್ಕ್ಯೂಟ್ ಇಲ್ಲದ ಆಂಪ್ಲಿಫೈಯರ್ ತನಗೆ ಸಿಕ್ಕ ವೋಲ್ಟೇಜಿಗಿಂತ ಜಾಸ್ತಿ ಸ್ಪೀಕರಿಗೆ ಕೊಡಲಾರದು. ಎರಡು ಕಡೆಯಿಂದಲೂ ತಳ್ಳುವ ಬ್ರಿಡ್ಜ್ ಜೋಡಣೆಯಲ್ಲಿ ಅಲೆಯ ತುದಿ 14.4 ವೋಲ್ಟ್ ಮುಟ್ಟಬಹುದು. ಅದರ ಆರ್‌ಎಂಎಸ್ ಬೆಲೆ, ಅಂದರೆ ಏರಿಳಿಯುವ ಆ ಅಲೆಗೆ ಸಮನಾದ ಸ್ಥಿರ ವೋಲ್ಟೇಜ್, ಸುಮಾರು 10.2. ಅದನ್ನು ಅದರಿಂದಲೇ ಗುಣಿಸಿ 4ರಿಂದ ಭಾಗಿಸಿದರೆ 26 ವ್ಯಾಟ್. ಇದು ಲೆಕ್ಕದಲ್ಲಿ ಸಿಗುವ ಗರಿಷ್ಠ. ಚಿಪ್‌ನೊಳಗೆ ಸ್ವಲ್ಪ ಕಳೆದುಹೋಗುತ್ತದೆ. ಹರಿದಂತೆ ಕೇಳಿಸದ ಸ್ವಚ್ಛ ಸದ್ದು ಬೇಕೆಂದರೆ ಒಂದು ಸ್ಪೀಕರಿಗೆ 18ರಿಂದ 20 ವ್ಯಾಟ್ ಸಿಕ್ಕರೆ ಹೆಚ್ಚು. ಜೋಡಿಗೆ 40. ಸಣ್ಣ ಡಬ್ಬಿಯೊಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇರುವುದು ಅಪರೂಪ. ಅದಿಲ್ಲದೆ 500 ಅನ್ನುವುದು ಬರೀ ಮುದ್ರಿತ ಅಂಕಿ.

ಅಂಗಡಿಯಲ್ಲೇ ಪರೀಕ್ಷಿಸಲು ಇನ್ನೂ ಸುಲಭ ದಾರಿ ಇದೆ. ಕಿಟ್‌ನ ಪವರ್ ವೈರಿನಲ್ಲಿ ಇರುವ ಫ್ಯೂಸ್ ನೋಡಿ. ಅದು 3 ಆಂಪಿಯರ್ ಆಗಿದ್ದರೆ, 14 ವೋಲ್ಟಿನಿಂದ ಗುಣಿಸಿ: 42 ವ್ಯಾಟ್. ಅದಕ್ಕಿಂತ ಬಹಳ ಜಾಸ್ತಿಯನ್ನು ತುಂಬಾ ಹೊತ್ತು ಎಳೆದರೆ ಫ್ಯೂಸ್ ಹೋಗುತ್ತದೆ. ಒಳಗೆ ಹೋಗುವುದೇ 42 ಆದ ಮೇಲೆ ಹೊರಗೆ 500 ಬರುವುದು ಹೇಗೆ? ಬ್ಲೇಡ್ ಫ್ಯೂಸುಗಳಿಗೆ ಬಣ್ಣದ ಗುರುತೂ ಇದೆ. ನೇರಳೆ 3, ಕಂದು 7.5, ಕೆಂಪು 10, ನೀಲಿ 15. ಫ್ಯೂಸೇ ಇಲ್ಲದ ಕಿಟ್ ಆದರೆ ಅಲ್ಲಿಗೆ ಮಾತು ಮುಗಿಯಿತು. ಅದನ್ನು ಕೊಳ್ಳುವುದಾದರೆ ಫ್ಯೂಸ್ ನಾವೇ ಹಾಕಬೇಕು, ಇಲ್ಲದಿದ್ದರೆ ಕೊಳ್ಳಲೇಬಾರದು.

ಸದ್ದು ದೊಡ್ಡದು ಬೇಕು ಅನ್ನುವವರಿಗೆ ವ್ಯಾಟ್‌ಗಿಂತ ಸ್ಪೀಕರಿನ ಸೆನ್ಸಿಟಿವಿಟಿ ಮುಖ್ಯ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಅನ್ನುವ ಅಂಕಿ ಅದು. ವ್ಯಾಟ್ ಎರಡರಷ್ಟು ಮಾಡಿದರೆ ಏರುವುದು ಬರೀ 3 ಡೆಸಿಬಲ್. ಕಿವಿಗೆ ಸದ್ದು ಎರಡರಷ್ಟಾಯಿತು ಅನಿಸಲು ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತರಷ್ಟು ವ್ಯಾಟ್. ಹಾಗಾಗಿ 86 ಡೆಸಿಬಲ್ ಸ್ಪೀಕರಿನ ಬದಲು 90ರದ್ದು ಆರಿಸಿದರೆ ಆಂಪ್ಲಿಫೈಯರನ್ನು ಎರಡೂವರೆ ಪಟ್ಟು ದೊಡ್ಡದು ಮಾಡಿದ ಲಾಭ ಸಿಗುತ್ತದೆ. ಬ್ಯಾಟರಿಯ ಮೇಲೆ ಒಂದಿಷ್ಟೂ ಹೊರೆ ಏರುವುದಿಲ್ಲ.

ಇನ್ನೊಂದು ನಿಜ ಹೇಳಬೇಕು. ವೇಗ 60 ದಾಟಿತೆಂದರೆ ಹೆಲ್ಮೆಟ್‌ಗೆ ಬಡಿಯುವ ಗಾಳಿಯ ಸದ್ದೇ ಎಲ್ಲವನ್ನೂ ನುಂಗಲು ಶುರು ಮಾಡುತ್ತದೆ. ಹ್ಯಾಂಡಲ್‌ನ ಸಣ್ಣ ಸ್ಪೀಕರ್ ಅದನ್ನು ಗೆಲ್ಲಲಾರದು. ಹೈವೇಯಲ್ಲಿ 90ರಲ್ಲಿ ಹೋಗುವಾಗ ಹಾಡು ಸ್ಪಷ್ಟ ಕೇಳಬೇಕು ಅಂತ ದೊಡ್ಡ ಕಿಟ್ ಕೊಳ್ಳುವುದು ದುಡ್ಡು ದಂಡ. ಊರೊಳಗೆ, ಹಳ್ಳಿ ರಸ್ತೆಯಲ್ಲಿ, 40-50ರ ವೇಗದಲ್ಲಿ ರೇಡಿಯೊ ಕೇಳುವವರಿಗೆ ಜೋಡಿ 10 ವ್ಯಾಟ್ ನಿಜವಾದ ಸದ್ದು ಧಾರಾಳ.

ಎಫ್‌ಎಂ ಯಾಕೆ ಗರಗರ ಅನ್ನುತ್ತದೆ

ರೇಡಿಯೊ ಅಂತಲೇ ಕೊಂಡು, ಕೊನೆಗೆ ಎಫ್‌ಎಂ ಹಿಡಿಯುವುದಿಲ್ಲ ಅಂತ ಬರೀ ಪೆನ್‌ಡ್ರೈವ್ ಹಾಡು ಕೇಳುವವರು ಎಷ್ಟೋ ಜನ. ಇದಕ್ಕೆ ಕಾರಣ ಹೆಚ್ಚಾಗಿ ಆಂಟೆನಾ. ನಮ್ಮ ಎಫ್‌ಎಂ ಕೇಂದ್ರಗಳು 87.5ರಿಂದ 108 ಮೆಗಾಹರ್ಟ್ಸ್ ನಡುವೆ ಇವೆ. ಬೆಂಗಳೂರಿನಲ್ಲಿ ಆಕಾಶವಾಣಿಯ ಎಫ್‌ಎಂ ರೇನ್‌ಬೋ 101.3ರಲ್ಲಿ, ವಿವಿಧ ಭಾರತಿ 102.9ರಲ್ಲಿ. ಈ ತರಂಗದ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗ, ಅಂದರೆ ಸುಮಾರು 75 ಸೆಂಟಿಮೀಟರ್ ಉದ್ದದ ವೈರ್ ಇದ್ದರೆ ಆಂಟೆನಾ ಚೆನ್ನಾಗಿ ಕೆಲಸ ಮಾಡುತ್ತದೆ. ಅಗ್ಗದ ಕಿಟ್‌ನಲ್ಲಿ ಬರುವುದು ಗೇಣುದ್ದದ ತಂತಿ. ಅದನ್ನೂ ಫಿಟ್ಟರ್ ಸುರುಳಿ ಸುತ್ತಿ ಟ್ಯಾಂಕಿನ ಕಬ್ಬಿಣದ ಕೆಳಗೆ ತುರುಕಿರುತ್ತಾರೆ. ಸುತ್ತಲೂ ಲೋಹ ಇದ್ದರೆ ಸಿಗ್ನಲ್ ಒಳಗೆ ಬರುವುದಾದರೂ ಹೇಗೆ? ಕೊಳ್ಳುವಾಗ ಆಂಟೆನಾ ವೈರ್ ಹೊರಗೆ ಇದೆಯಾ, ಉದ್ದ ಮಾಡಬಹುದಾ ಅಂತ ನೋಡಿ. ಹಾಕುವಾಗ ಅದನ್ನು ಹೆಡ್‌ಲೈಟ್ ಡೂಮ್‌ನ ಪ್ಲಾಸ್ಟಿಕ್ ಭಾಗದ ಹಿಂದೆಯೋ ಸೈಡ್ ಪ್ಯಾನೆಲ್ ಒಳಗೋ ನೇರವಾಗಿ ಹರಡಿ, ಪವರ್ ವೈರಿನಿಂದ ದೂರ ಇಡಿ.

ಎರಡನೆಯ ಕಾರಣ ಬೈಕೇ ಹುಟ್ಟಿಸುವ ಗದ್ದಲ. ಸ್ಪಾರ್ಕ್ ಪ್ಲಗ್ ಪ್ರತಿ ಸಲ ಕಿಡಿ ಹಾರಿಸಿದಾಗಲೂ ಒಂದು ರೇಡಿಯೊ ಅಲೆ ಹೊರಡುತ್ತದೆ. ಆಕ್ಸಿಲರೇಟರ್ ಕೊಟ್ಟ ಹಾಗೆ ಟಿಕ್‌ಟಿಕ್ ಸದ್ದು ಜೋರಾದರೆ ತಪ್ಪು ರೇಡಿಯೊದ್ದಲ್ಲ, ಕಿಡಿಯದ್ದು. ರೆಸಿಸ್ಟರ್ ಇರುವ ಪ್ಲಗ್ ಮತ್ತು ಪ್ಲಗ್ ಕ್ಯಾಪ್ ಇದ್ದರೆ ಇದು ಬಹಳ ತಗ್ಗುತ್ತದೆ. ಎನ್‌ಜಿಕೆ ಪ್ಲಗ್‌ಗಳ ನಂಬರಿನ ನಡುವೆ ಬರುವ ಆರ್ ಅಕ್ಷರ ಅದೇ ರೆಸಿಸ್ಟರಿನ ಗುರುತು. ನಿಮ್ಮ ಬೈಕಿನ ಕೈಪಿಡಿಯಲ್ಲಿ ಹೇಳಿದ ಪ್ಲಗ್ ಬಿಟ್ಟು ಬೇರೆಯದನ್ನು ಯಾರಾದರೂ ಹಾಕಿದ್ದರೆ ಮೊದಲು ಅದನ್ನು ಸರಿ ಮಾಡಿ. ಇನ್ನು ಅಗ್ಗದ ಮೊಬೈಲ್ ಚಾರ್ಜರ್, ಹೊರಗಿನಿಂದ ಹಾಕಿಸಿದ ಎಲ್‌ಇಡಿ ಲೈಟುಗಳೂ ಎಫ್‌ಎಂಗೆ ಅಡ್ಡ ಬರುತ್ತವೆ. ಒಂದೊಂದನ್ನೇ ಆಫ್ ಮಾಡಿ ನೋಡಿದರೆ ಕಳ್ಳ ಸಿಗುತ್ತಾನೆ.

ಚಾರ್ಮಾಡಿ, ಶಿರಾಡಿಯಂಥ ಘಾಟಿಗಳಲ್ಲಿ ಮಾತ್ರ ಯಾವ ಕಿಟ್ ಇದ್ದರೂ ಎಫ್‌ಎಂ ಕೈಕೊಡುತ್ತದೆ. ಆ ಅಲೆಗಳು ಬೆಟ್ಟ ಸುತ್ತಿಕೊಂಡು ಬರುವುದಿಲ್ಲ. ಅಲ್ಲಿಗೆ ಪೆನ್‌ಡ್ರೈವೇ ಗತಿ. ಫೋನಿನಿಂದ ಹಾಡು ಹಾಕುವವರು ಫೋನನ್ನು ಹ್ಯಾಂಡಲ್‌ಗೆ ಕಟ್ಟುವ ಮುಂಚೆ ಯೋಚಿಸಿ. ಬೈಕಿನ ಕಂಪನದಿಂದ ಐಫೋನ್ ಕ್ಯಾಮೆರಾಗಳಿಗೆ ಹಾನಿಯಾಗಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಬ್ಲೂಟೂತ್ ಇದ್ದರೆ ಫೋನ್ ಜೇಬಿನಲ್ಲೇ ಇರಲಿ.

ಕೀ ತೆಗೆದ ಮೇಲೆ ಏನಾಗುತ್ತದೆ

ಬೆಳಿಗ್ಗೆ ಎದ್ದು ಸೆಲ್ಫ್ ಒತ್ತಿದರೆ ಬೈಕ್ ಕಿಟಕಿಟ ಅಂದು ಸುಮ್ಮನಾಗುವುದಕ್ಕೆ, ರೇಡಿಯೊ ಹಾಕಿಸಿದವರಲ್ಲಿ, ಕೀ ತೆಗೆದ ಮೇಲೂ ಕಿಟ್ ಎಳೆಯುವ ಕರೆಂಟೇ ಮುಖ್ಯ ಕಾರಣ. ಕಾರ್ ಸ್ಟೀರಿಯೊಗಳಲ್ಲಿ ಎರಡು ಪಾಸಿಟಿವ್ ವೈರ್ ಇರುತ್ತವೆ. ಹಳದಿ ಸದಾ ಬ್ಯಾಟರಿಗೆ, ಕೆಂಪು ಕೀ ಹಾಕಿದಾಗ ಮಾತ್ರ. ಹಳದಿಯ ಕೆಲಸ ಕೇಂದ್ರಗಳ ನೆನಪು ಉಳಿಸುವುದು. ಅದು ಎಳೆಯುವ ಕರೆಂಟ್ ತೀರಾ ಕಡಿಮೆ ಅನಿಸುತ್ತದೆ. 20 ಮಿಲಿ ಆಂಪಿಯರ್ ಅಂತ ಇಟ್ಟುಕೊಳ್ಳಿ. 24 ಗಂಟೆಗೆ ಅದು 0.48 ಆಂಪಿಯರ್ ಅವರ್. 3 ಆಂಪಿಯರ್ ಅವರ್ ಬ್ಯಾಟರಿ ಆರು ದಿನಕ್ಕೆ ಪೂರ್ತಿ ಖಾಲಿ, ಮೂರು ದಿನಕ್ಕೆ ಅರ್ಧ. ಹಬ್ಬಕ್ಕೆ ಊರಿಗೆ ಹೋಗಿ ವಾರ ಬಿಟ್ಟು ಬಂದರೆ ಬ್ಯಾಟರಿ ಸತ್ತಿರುತ್ತದೆ. ಹೀಗೆ ನಾಲ್ಕಾರು ಸಲ ಪೂರ್ತಿ ಖಾಲಿಯಾದ ಲೆಡ್ ಬ್ಯಾಟರಿ ಮತ್ತೆ ಮೊದಲಿನಂತೆ ಚಾರ್ಜ್ ಹಿಡಿಯುವುದಿಲ್ಲ.

ಕಿಕ್ ಇರುವ ಬೈಕ್ ಆದರೆ ಹೇಗೋ ಮನೆ ಮುಟ್ಟಬಹುದು. 2020ರ ಏಪ್ರಿಲ್‌ನಿಂದ ಬಿಎಸ್6 ಬಂದ ಮೇಲೆ ಪೆಟ್ರೋಲ್ ಬೈಕುಗಳಲ್ಲಿ ಬಹುತೇಕ ಎಲ್ಲಕ್ಕೂ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಪಂಪ್, ಇಂಜೆಕ್ಟರ್, ಎಂಜಿನ್ ನಿಯಂತ್ರಿಸುವ ಇಸಿಯು ಎಲ್ಲಕ್ಕೂ ಕರೆಂಟ್ ಬೇಕು. ಹೊಸ ಕ್ಲಾಸಿಕ್ 350, ಮೀಟಿಯೋರ್‌ಗಳಲ್ಲಿ ಕಿಕ್ ಕೂಡ ಇಲ್ಲ. ಬ್ಯಾಟರಿ ಸತ್ತರೆ ನೂರಾ ತೊಂಬತ್ತು ಕಿಲೋದಷ್ಟು ಭಾರದ ಬೈಕನ್ನು ತಳ್ಳಬೇಕು.

ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ಪವರ್ ತೆಗೆದು ಮತ್ತೆ ಕೊಟ್ಟರೆ ಕೇಂದ್ರಗಳು, ವಾಲ್ಯೂಮ್ ನೆನಪಿನಲ್ಲಿ ಉಳಿಯುತ್ತವಾ? ಅಂಗಡಿಯಲ್ಲೇ ವೈರ್ ಕಿತ್ತು ಮತ್ತೆ ಹಾಕಿ ತೋರಿಸಲು ಹೇಳಿ. ಉಳಿದರೆ ಆ ಕಿಟ್‌ಗೆ ಸದಾ ಕರೆಂಟ್ ಬೇಕಿಲ್ಲ. ಪೂರ್ತಿಯಾಗಿ ಕೀ ಜೊತೆ ಆನ್ ಆಫ್ ಆಗುವಂತೆ ಹಾಕಬಹುದು. ಅದೇ ಬೈಕಿಗೆ ಸರಿಯಾದ ಕಿಟ್.

ರೇಡಿಯೊ ಜೊತೆ ಕಳ್ಳತನದ ಅಲಾರಂ, ರಿಮೋಟ್ ಸ್ಟಾರ್ಟ್ ಎಲ್ಲ ಸೇರಿರುವ ಕಿಟ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅಲಾರಂ ಅಂದ ಮೇಲೆ ಅದಕ್ಕೆ ಹಗಲು ರಾತ್ರಿ ಕರೆಂಟ್ ಬೇಕು. ಅದಕ್ಕಿಂತ ದೊಡ್ಡ ವಿಷಯ, ಅಂಥವನ್ನು ಜೋಡಿಸುವಾಗ ಇಗ್ನಿಷನ್ ಲೈನನ್ನೇ ಕತ್ತರಿಸಿ ಆ ಡಬ್ಬಿಯ ಮೂಲಕ ಹಾಯಿಸುತ್ತಾರೆ. ಮಳೆಯಲ್ಲಿ ಡಬ್ಬಿಯೊಳಗೆ ನೀರು ಹೋದರೆ ಹಾಡು ನಿಲ್ಲುವುದಲ್ಲ, ಬೈಕೇ ನಿಲ್ಲುತ್ತದೆ. ಓಡುತ್ತಿರುವಾಗ ನಿಂತರೆ ಪ್ರಾಣಕ್ಕೇ ಅಪಾಯ. ಒಂದು ಹಾಡಿನ ಡಬ್ಬಿಗೆ ಎಂಜಿನ್ ಆಫ್ ಮಾಡುವ ಅಧಿಕಾರ ಕೊಡಬಾರದು.

ವೈರಿಂಗ್: ದುಡ್ಡು ಹಾಕಬೇಕಾದ ಜಾಗ

ಕಿಟ್ ಜೊತೆ ಬರುವ ವೈರ್ ಸಾಮಾನ್ಯವಾಗಿ ಕೂದಲೆಳೆಯಷ್ಟು. ತುದಿಯನ್ನು ಸ್ವಲ್ಪ ಸುಲಿದು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ. ಮೇಲೆ ಕೆಂಪಗಿದ್ದು ಕೆರೆದಾಗ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದಕ್ಕೆ ತಡೆ ಜಾಸ್ತಿ, ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಹ್ಯಾಂಡಲ್ ದಿನಕ್ಕೆ ಸಾವಿರ ಸಲ ತಿರುಗುವ ಬೈಕಿನಲ್ಲಿ ಅದಕ್ಕೆ ಆಯಸ್ಸು ಇಲ್ಲ.

ಪವರ್ ಮತ್ತು ಅರ್ತ್‌ಗೆ (ಮೈನಸ್ ಲೈನಿಗೆ) 1 ಸ್ಕ್ವೇರ್ ಎಂಎಂ ಆಟೊ ವೈರ್ ತನ್ನಿ. ಬ್ಯಾಟರಿಯಿಂದ ಹ್ಯಾಂಡಲ್‌ವರೆಗೆ ಹೋಗಿ ಬರಲು ನಾಲ್ಕು ಮೀಟರ್ ಬೇಕು ಅಂದುಕೊಂಡರೆ, ಅರ್ಧ ಸ್ಕ್ವೇರ್ ಎಂಎಂ ವೈರಿನಲ್ಲಿ 3 ಆಂಪಿಯರ್ ಹರಿದಾಗ 0.4 ವೋಲ್ಟಿಗೂ ಸ್ವಲ್ಪ ಜಾಸ್ತಿ ಕಳೆಯುತ್ತದೆ. 1 ಸ್ಕ್ವೇರ್ ಎಂಎಂ ಆದರೆ ಅದರ ಅರ್ಧ. ಬೆಲೆಯ ವ್ಯತ್ಯಾಸ ತೀರಾ ಸಣ್ಣದು.

ಫ್ಯೂಸ್ ಬ್ಯಾಟರಿಯ ಪಾಸಿಟಿವ್ ಹತ್ತಿರವೇ ಇರಬೇಕು, ಹೆಚ್ಚೆಂದರೆ ಒಂದು ಗೇಣು ದೂರದಲ್ಲಿ. ಫ್ಯೂಸ್ ಕಾಯುವುದು ರೇಡಿಯೊವನ್ನಲ್ಲ, ವೈರನ್ನು. ರೇಡಿಯೊ ಹತ್ತಿರ ಫ್ಯೂಸ್ ಇಟ್ಟು, ನಡುವೆ ಟ್ಯಾಂಕಿನ ಕೆಳಗೆ ವೈರ್ ಉಜ್ಜಿ ಬಾಡಿಗೆ ತಾಗಿದರೆ, ಆ ಫ್ಯೂಸ್‌ಗೆ ಅದು ಗೊತ್ತೇ ಆಗುವುದಿಲ್ಲ. ವೈರ್ ಕಾದು ಹೊತ್ತಿಕೊಳ್ಳುತ್ತದೆ, ಅದೂ ಪೆಟ್ರೋಲ್ ಟ್ಯಾಂಕಿನ ಕೆಳಗೆ. ಇದನ್ನು ಎಷ್ಟು ಸಲ ಹೇಳಿದರೂ ಜಾಸ್ತಿ ಆಗುವುದಿಲ್ಲ.

ಕೀ ಜೊತೆ ಆನ್ ಆಗಲು ಹೆಚ್ಚಿನ ಫಿಟ್ಟರ್‌ಗಳು ಹಾರ್ನ್ ವೈರಿಗೋ ಬ್ರೇಕ್ ಲೈಟ್ ವೈರಿಗೋ ನೇರವಾಗಿ ರೇಡಿಯೊ ಸೇರಿಸುತ್ತಾರೆ. ಬೇಗ ಮುಗಿಯುತ್ತದೆ, ನಿಜ. ಆದರೆ ರೇಡಿಯೊದಲ್ಲಿ ಶಾರ್ಟ್ ಆದರೆ ಆ ಲೈನಿನ ಫ್ಯೂಸ್ ಹೋಗಿ ಹಾರ್ನ್, ಬ್ರೇಕ್ ಲೈಟ್, ಇಂಡಿಕೇಟರ್ ಎಲ್ಲ ಒಟ್ಟಿಗೆ ಸಾಯುತ್ತವೆ. ಸರಿಯಾದ ದಾರಿ ರಿಲೇ. ನಾಲ್ಕು ಕಾಲಿನ ಸಾದಾ ಹಾರ್ನ್ ರಿಲೇ ಸಾಕು. 30ನೇ ಕಾಲಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬಂದ ವೈರ್. 87ರಿಂದ ರೇಡಿಯೊಗೆ. 85 ಅರ್ತ್‌ಗೆ. 86ಕ್ಕೆ ಮಾತ್ರ ಕೀ ಹಾಕಿದಾಗ ಕರೆಂಟ್ ಬರುವ ಲೈನಿನಿಂದ ಒಂದು ಸಣ್ಣ ಎಳೆ. ಆ ಎಳೆಗೂ ಒಂದು ಸಣ್ಣ ಫ್ಯೂಸ್ ಇದ್ದರೆ ಇನ್ನೂ ಒಳ್ಳೆಯದು. ಬೈಕಿನ ಲೈನ್ ಈಗ ಹೊರುವುದು ರಿಲೇ ಕಾಯಿಲ್‌ನ ಅತ್ಯಲ್ಪ ಕರೆಂಟ್ ಮಾತ್ರ. ರೇಡಿಯೊ ಹಾಳಾದರೂ ಹಾರ್ನ್, ಬ್ರೇಕ್ ಲೈಟ್ ಬದುಕಿರುತ್ತವೆ. ಇಸಿಯು, ಎಬಿಎಸ್, ಸೆನ್ಸರ್ ವೈರುಗಳಿಗೆ ಯಾವ ಕಾರಣಕ್ಕೂ ಕೈಹಾಕಲು ಬಿಡಬೇಡಿ.

ಸ್ಪೀಕರಿನ ಮೈನಸ್ ವಿಷಯ ಬೇರೆಯೇ ಹೇಳಬೇಕು. ಬೈಕ್ ಫಿಟ್ಟರ್‌ಗಳಿಗೆ ಎಲ್ಲದರ ಮೈನಸ್ ಅಂದರೆ ಬಾಡಿ ಅನ್ನುವ ಅಭ್ಯಾಸ. ಬ್ರಿಡ್ಜ್ ಜೋಡಣೆಯ ಆಂಪ್ಲಿಫೈಯರಿನಲ್ಲಿ ಸ್ಪೀಕರಿನ ಎರಡೂ ತುದಿ ಚಿಪ್‌ನಿಂದಲೇ ಬರುತ್ತವೆ. ಅದರ ಮೈನಸನ್ನು ಬಾಡಿಗೆ ತಾಗಿಸಿದರೆ ಆಂಪ್ಲಿಫೈಯರ್ ಸುಡಬಹುದು. ಸ್ಪೀಕರಿಗೆ ಎರಡೂ ವೈರ್ ಡಬ್ಬಿಯಿಂದಲೇ ಹೋಗಬೇಕು. ರೇಡಿಯೊದ ಅರ್ತ್ ಕೂಡ ಪೇಂಟ್ ಬಳಿದ ಯಾವುದೋ ಬೋಲ್ಟ್‌ಗೆ ಬೇಡ, ನೇರ ಬ್ಯಾಟರಿಯ ನೆಗೆಟಿವ್‌ಗೆ ಹೋಗಲಿ. ಗುಂಯ್ ಅನ್ನುವ ಸದ್ದು ಅರ್ಧಕ್ಕರ್ಧ ಅಲ್ಲೇ ಕಡಿಮೆಯಾಗುತ್ತದೆ.

ಕೀಲುಗಳಿಗೆ ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ಬೇಸಿಗೆಯಲ್ಲಿ ಅಂಟು ಕರಗಿ ಜಾರುತ್ತದೆ. ವೈರಿನ ತುದಿಗೆ ಲೋಹದ ಲಗ್ ಹಾಕಿ ಕ್ರಿಂಪ್ ಮಾಡಿ (ಒತ್ತಿ ಬಿಗಿ ಮಾಡಿ), ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ. ವೈರುಗಳನ್ನು ಹಾಸಿದ ಮೇಲೆ ಹ್ಯಾಂಡಲನ್ನು ಎಡದ ತುದಿಯಿಂದ ಬಲದ ತುದಿವರೆಗೆ ತಿರುಗಿಸಿ ನೋಡಿ. ಎಲ್ಲೂ ಬಿಗಿಯಬಾರದು, ಎಲ್ಲೂ ಸಿಕ್ಕಿಕೊಳ್ಳಬಾರದು, ಆಕ್ಸಿಲರೇಟರ್ ಕೇಬಲ್‌ಗೆ ಅಡ್ಡ ಬರಬಾರದು.

ಮಳೆ, ಧೂಳು, ಕಂಪನ

ವಾಟರ್‌ಪ್ರೂಫ್ ಅನ್ನುವ ಮಾತಿಗೆ ಬೆಲೆ ಇಲ್ಲ. ಐಪಿ ನಂಬರ್ ಕೇಳಿ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ65 ಅಂದರೆ ಧೂಳು ಒಳಗೆ ಹೋಗುವುದಿಲ್ಲ, ಪೈಪಿನಿಂದ ನೀರು ಹೊಡೆದರೂ ತಾಳುತ್ತದೆ. ಐಪಿ67 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ತೊಂದರೆಯಿಲ್ಲ. 67 ದೊಡ್ಡ ನಂಬರ್ ಆದರೂ ಅದರಲ್ಲಿ ಜೋರಾಗಿ ನೀರು ಹೊಡೆಯುವ ಪರೀಕ್ಷೆ ಸೇರಿಲ್ಲ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಮಾತ್ರ ಇವೆರಡಕ್ಕೂ ಮೀರಿದ್ದು. ವಾಟರ್ ವಾಷ್‌ಗೆ ಬಿಡುವಾಗ ಸ್ಪೀಕರ್ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿಬಿಡಿ. ಕಾಗದದ ಕೋನ್ ಇರುವ ಸ್ಪೀಕರ್ ಮಲೆನಾಡಿನ ಒಂದು ಮಳೆಗಾಲ ದಾಟುವುದೇ ಕಷ್ಟ. ಪ್ಲಾಸ್ಟಿಕ್ ಕೋನ್ ಇರಲಿ.

ಬಿಡಿ ಬೋರ್ಡ್ ಕೊಂಡು ತಾವೇ ಕಟ್ಟಿಕೊಳ್ಳುವವರು ಒಂದನ್ನು ಗಮನಿಸಿ. ಬೋರ್ಡ್ ಮೇಲಿನ ಪವರ್ ಕೆಪಾಸಿಟರ್‌ಗಳ ಮೈಮೇಲೆ 16 ವೋಲ್ಟ್ ಅಥವಾ 25 ವೋಲ್ಟ್ ಅಂತ ಬರೆದಿರುತ್ತದೆ. ಬೈಕಿನಲ್ಲಿ 14.5ರವರೆಗೆ ಏರುವುದು ದಿನನಿತ್ಯದ ಮಾತು, ಆಗಾಗ ಅದಕ್ಕೂ ಮೇಲೆ ಹಾರುತ್ತದೆ. 16 ತೀರಾ ಅಂಚಿನ ಅಂಕಿ. 25 ಇರುವುದನ್ನೇ ಆರಿಸಿ. 5 ವೋಲ್ಟಿನ ಪಿಎಎಂ8403 ಆಂಪ್ಲಿಫೈಯರ್ ಬೋರ್ಡನ್ನು ನೇರ ಬ್ಯಾಟರಿಗೆ ಕೊಟ್ಟರೆ ಆ ಕ್ಷಣವೇ ಸುಡುತ್ತದೆ. ಟಿಪಿಎ3110 ಥರದ, ಕಡಿಮೆ ಕರೆಂಟ್ ಪೋಲು ಮಾಡುವ ಕ್ಲಾಸ್ ಡಿ ಬೋರ್ಡುಗಳು 8ರಿಂದ 26 ವೋಲ್ಟ್‌ವರೆಗೆ ತಾಳುತ್ತವೆ, ಕಾಯುವುದೂ ಕಡಿಮೆ. ನನ್ನ ಕೇಳಿದರೆ ಅಗ್ಗಕ್ಕೆ ಅಗ್ಗ, ಗಟ್ಟಿಗೆ ಗಟ್ಟಿ ಅದೇ.

ಕ್ಲಾಂಪ್ ಕೊಳ್ಳುವಾಗ ಅಳತೆ ನೋಡಿ. ನಮ್ಮ ಹೆಚ್ಚಿನ ಬೈಕುಗಳ ಹ್ಯಾಂಡಲ್ ಪೈಪ್ 22 ಮಿಲಿಮೀಟರ್, ಕೆಲವು ದಪ್ಪ ಹ್ಯಾಂಡಲ್‌ಗಳು 25.4. ದೊಡ್ಡ ಕ್ಲಾಂಪ್‌ಗೆ ರಬ್ಬರ್ ಸುತ್ತಿ ಬಿಗಿ ಮಾಡಿದರೆ ಹಳ್ಳ ಹಾರಿದಾಗ ಸ್ಪೀಕರ್ ತಿರುಗಿ ಟ್ಯಾಂಕಿಗೆ ಬಡಿಯುತ್ತದೆ.

ವಾರಂಟಿ, ಕಾನೂನು, ಪಕ್ಕದವರು

ಕಂಪನಿಯ ವೈರಿಂಗ್ ಕತ್ತರಿಸಿದರೆ ಎಲೆಕ್ಟ್ರಿಕಲ್ ಭಾಗಗಳ ವಾರಂಟಿಗೆ ಕುತ್ತು ಬರಬಹುದು. ಅದಕ್ಕೇ ಕಪ್ಲರ್‌ನಿಂದ ಕಪ್ಲರ್‌ಗೆ ಸೇರುವ, ಏನನ್ನೂ ಕತ್ತರಿಸದ ಜೋಡಣೆ ಮೇಲು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇರುವ, ಕಂಪನಿ ಮೂಲದಲ್ಲಿ ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. ಬಿಚ್ಚಿದರೆ ಬೈಕ್ ಮೊದಲಿನಂತೆ ಕಾಣುವ ಹಾಗೆ ಕೂರಿಸಿ. ಫ್ರೇಮ್ ಕೊರೆಯುವುದು, ವೆಲ್ಡಿಂಗ್ ಮಾಡುವುದು ಬೇಡವೇ ಬೇಡ.

ವಾಲ್ಯೂಮ್ ಬಗ್ಗೆ ಕಾನೂನಿಗಿಂತ ಮೊದಲು ಮನುಷ್ಯರ ಮಾತಿದೆ. ಹಿಂದಿನಿಂದ ಬರುವ ಆಂಬುಲೆನ್ಸ್, ಪಕ್ಕದ ಬಸ್ಸಿನ ಹಾರ್ನ್ ನಿಮಗೆ ಕೇಳಲೇಬೇಕು. ಆಸ್ಪತ್ರೆ, ಶಾಲೆಗಳ ಮುಂದೆ, ಜನ ಮಲಗಿರುವ ಬೀದಿಯಲ್ಲಿ ಪೂರ್ತಿ ಸದ್ದು ಬಿಟ್ಟುಕೊಂಡು ಹೋಗುವುದು ಬೇರೆಯವರ ನೆಮ್ಮದಿ ಕದ್ದ ಹಾಗೆ. ಹಾಡು ಬದಲಿಸಲು ಕಣ್ಣು ರಸ್ತೆ ಬಿಡಬಾರದು. ಆದ್ದರಿಂದ ಎಡಗೈ ಹೆಬ್ಬೆರಳಿಗೆ, ಗ್ಲೌಸ್ ಹಾಕಿದ್ದರೂ ಸಿಗುವಂಥ ದಪ್ಪ ಬಟನ್ ಇರುವ ಕಿಟ್ ಆರಿಸಿ. ಟಚ್ ಸ್ಕ್ರೀನ್ ಬೈಕಿನ ರೇಡಿಯೊಗೆ ಬೇಕಿಲ್ಲ.

ಹಾಕಿಸುವ ದಿನ ಫಿಟ್ಟರ್ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಲಿ, ಕೊನೆಗೆ ಅದನ್ನೇ ಹಾಕಲಿ. ಕೆಲಸ ಮುಗಿದ ಮೇಲೆ ದುಡ್ಡು ಕೊಡುವ ಮುನ್ನ ಎರಡು ಅಳತೆ ತೆಗೆಯಿರಿ. ರೇಡಿಯೊ ಹಾಡುತ್ತಿರುವಾಗ, ಹೆಡ್‌ಲೈಟ್ ಉರಿಯುತ್ತಿರುವಾಗ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ ಬ್ಯಾಟರಿಯಲ್ಲಿ 13.5ಕ್ಕಿಂತ ಮೇಲೆ ಇರಬೇಕು. ಆಮೇಲೆ ಎಂಜಿನ್ ಆಫ್ ಮಾಡಿ, ಕೀ ತೆಗೆದು, ಮೀಟರನ್ನು ಕರೆಂಟ್ ಅಳೆಯುವಂತೆ ಬದಲಿಸಿ, ಬ್ಯಾಟರಿಯ ನೆಗೆಟಿವ್ ಲಗ್ ಬಿಚ್ಚಿ ನಡುವೆ ಸೇರಿಸಿ. ಕಿಟ್ ಹಾಕುವ ಮೊದಲು ಹೀಗೇ ಅಳೆದು ಬರೆದಿಟ್ಟುಕೊಂಡಿರಿ, ಆಗ ಎಷ್ಟಿತ್ತೋ ಅಷ್ಟೇ ಇರಬೇಕು. ಮೀಟರ್ ಸೇರಿಸಿರುವಾಗ ಸೆಲ್ಫ್ ಮಾತ್ರ ಒತ್ತಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಹದಿನೈದು ದಿನ ಓಡಿಸಿದ ಮೇಲೆ ಕ್ಲಾಂಪ್ ಬೋಲ್ಟ್, ಬ್ಯಾಟರಿ ಲಗ್ ಮತ್ತೊಮ್ಮೆ ಬಿಗಿ ಮಾಡಿ, ಟ್ಯಾಂಕಿನ ಕೆಳಗೆ ಮತ್ತು ಹ್ಯಾಂಡಲ್ ಬುಡದಲ್ಲಿ ವೈರ್ ಎಲ್ಲಾದರೂ ಸವೆದಿದೆಯಾ ಅಂತ ಕೈಯಾಡಿಸಿ ನೋಡಿ.